ಪಲ್ಪರ್ ಹಾಕಿದರೆ ಕಂಪ್ಯೂಟರ್ ಆಫ್: ತಪ್ಪು ಎಸ್‌ಎಂಪಿಎಸ್‌ದೋ, ಯುಪಿಎಸ್‌ದೋ, ಲೈನಿನದೋ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ)

ಡೆಸ್ಕ್‌ಟಾಪ್ ಟಪ್ಪಂತ ಆಫ್ ಆಗುತ್ತಿದೆ. ನೀಲಿ ಪರದೆ ಇಲ್ಲ, ಹ್ಯಾಂಗ್ ಆಗುವುದಿಲ್ಲ, ಯಾವ ಮೆಸೇಜೂ ಬರುವುದಿಲ್ಲ. ಫ್ಯಾನ್ ಸಮೇತ ಒಮ್ಮೆಗೇ ನಿಲ್ಲುತ್ತದೆ.

ಒಳಗಿರುವುದು: ಐ5-10400 ಪ್ರೊಸೆಸರ್, ಅದರ ಜೊತೆ ಬಂದ ಫ್ಯಾನೇ ಇದೆ. ರ‍್ಯಾಮ್ 8+8 ಜಿಬಿ, ಜಿಟಿಎಕ್ಸ್ 1650 ಕಾರ್ಡ್, ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್, ವಿಂಡೋಸ್ 10. ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬ) 450 ವ್ಯಾಟ್ ಎಂದಿದೆ, ಐದು ವರ್ಷ ಹಳೆಯದು. ಯುಪಿಎಸ್ 600 ವಿಎ, ಮೂರು ವರ್ಷದಿಂದ ಬ್ಯಾಟರಿ ಬದಲಿಸಿಲ್ಲ. ಮಾನಿಟರ್ ಕೂಡ ಅದೇ ಯುಪಿಎಸ್‌ನಲ್ಲಿದೆ.

ಆಫ್ ಆಗುವುದು ಎರಡು ಹೊತ್ತಿನಲ್ಲಿ. ಕುಯ್ಲು ಶುರುವಾದ ಮೇಲೆ ಸಂಜೆ ಐದೂವರೆಯಿಂದ ಎಂಟರೊಳಗೆ, ಕಾಫಿ ಹಣ್ಣು ಬಂದು ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹಾಕುವಾಗ. ಮೋಟಾರು 5 ಎಚ್‌ಪಿ, ತ್ರೀ ಫೇಸ್, ಮನೆಯಿಂದ ಸುಮಾರು 60 ಮೀಟರ್ ದೂರದ ಶೆಡ್‌ನಲ್ಲಿದೆ. ಎರಡನೆಯದು, ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಹತ್ತು ಹದಿನೈದು ನಿಮಿಷಕ್ಕೆ. ಇದಕ್ಕೆ ಹೊತ್ತುಗೊತ್ತಿಲ್ಲ. ಬರೀ ಲೆಕ್ಕಪತ್ರದ ಕೆಲಸವಾದರೆ ಇಡೀ ದಿನ ಏನೂ ತೊಂದರೆಯಿಲ್ಲ.

ಪೇಟೆಯ ಅಂಗಡಿಯಲ್ಲಿ ಎರಡು ದಿನ ಓಡಿಸಿದರು, ಒಮ್ಮೆಯೂ ಆಫ್ ಆಗಲಿಲ್ಲ. ಮದರ್‌ಬೋರ್ಡ್ ಬದಲಿಸಿ ನೋಡೋಣ ಎನ್ನುತ್ತಾರೆ. ಅಷ್ಟು ದುಡ್ಡು ಹಾಕುವ ಮೊದಲು ಏನೇನು ಪರೀಕ್ಷಿಸಬೇಕು?

ಉತ್ತರ 1 (ಹಾಸನ, ಹಾರ್ಡ್‌ವೇರ್ ರಿಪೇರಿ)

ಮದರ್‌ಬೋರ್ಡ್ ಬದಲಿಸಬೇಡಿ. ನೀವು ಬರೆದಿರುವುದರಲ್ಲಿ ಬೋರ್ಡಿನ ಕಡೆ ಬೊಟ್ಟು ಮಾಡುವ ಒಂದು ಲಕ್ಷಣವೂ ಇಲ್ಲ. ಅಂಗಡಿಯಲ್ಲಿ ಆಫ್ ಆಗದಿರುವುದೂ ಸಹಜವೇ. ಅಲ್ಲಿ ಪಲ್ಪರ್ ಇಲ್ಲ, ನಿಮ್ಮ ಯುಪಿಎಸ್ ಇಲ್ಲ, ಬಹುಶಃ ಡೆಸ್ಕ್‌ಟಾಪ್ ತೆರೆದಿಟ್ಟು ಸುಮ್ಮನೆ ಓಡಿಸಿರುತ್ತಾರೆ. ಲೋಡ್ ಹಾಕದೆ ಎರಡು ದಿನ ಓಡಿಸಿದರೂ ಎರಡು ವಾರ ಓಡಿಸಿದರೂ ಒಂದೇ.

ಹೊತ್ತು ಎರಡು ಇದೆ ಎಂದ ಮೇಲೆ ಕಾಯಿಲೆಯೂ ಎರಡಿರಬಹುದು. ಒಂದನ್ನೇ ಹುಡುಕುತ್ತಾ ಹೋದರೆ ತಲೆ ಕೆಡುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ಮುಂದಿನ ಸಲ ಆಫ್ ಆದಾಗ ಯಾವುದನ್ನೂ ಮುಟ್ಟದೆ ಮಾನಿಟರ್‌ನ ಪವರ್ ದೀಪ ನೋಡಿ. ಮಾನಿಟರ್ ಹೊತ್ತಿಕೊಂಡೇ ಇದ್ದು ‘ನೋ ಸಿಗ್ನಲ್’ ತೋರಿಸಿದರೆ ಯುಪಿಎಸ್ ಕರೆಂಟ್ ಕೊಡುತ್ತಲೇ ಇದೆ, ತಪ್ಪು ಕ್ಯಾಬಿನೆಟ್ ಒಳಗಿದೆ. ಮಾನಿಟರ್ ದೀಪವೂ ಸತ್ತರೆ ತಪ್ಪು ಯುಪಿಎಸ್‌ದು ಅಥವಾ ಅದರ ಹಿಂದಿನದು. ಈ ಒಂದು ನೋಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ.

ಆಮೇಲೆ ಅದು ಹೇಗೆ ಮತ್ತೆ ಶುರುವಾಗುತ್ತದೆ ಎನ್ನುವುದನ್ನು ಗಮನಿಸಿ. ಪವರ್ ಬಟನ್ ಒತ್ತಿದರೂ ಏಳದೆ, ಹಿಂದಿನ ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಮಾತ್ರ ಎದ್ದರೆ, ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಬೀಗ ಹಾಕಿಕೊಂಡಿದೆ ಎಂದರ್ಥ. ಆಫ್ ಆಗದೆ ತಾನೇ ರೀಸ್ಟಾರ್ಟ್ ಆಗುವುದು ಬೇರೆ ಜಾತಿ. ಅದಕ್ಕೆ ರ‍್ಯಾಮ್, ಡ್ರೈವರ್ ಎಲ್ಲ ಕಾರಣವಾಗಬಹುದು. ಆ ಅನುಮಾನವಿದ್ದರೆ ಸಿಸ್ಟಮ್ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಗುರುತು ತೆಗೆಯಿರಿ. ನೀಲಿ ಪರದೆ ಬರುತ್ತಿದ್ದರೆ ಆಗ ನಿಂತು ಕಾಣಿಸುತ್ತದೆ.

ಇವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಮ್ ನೋಡಿ. ಅಲ್ಲಿ ‘ಕರ್ನಲ್-ಪವರ್ 41’ ಕೆಂಪಕ್ಷರದಲ್ಲಿ ಇರುತ್ತದೆ, ಜನ ಅದನ್ನೇ ರೋಗ ಅಂದುಕೊಳ್ಳುತ್ತಾರೆ. ಅದು ‘ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ’ ಎಂದು ಮತ್ತೆ ಆನ್ ಆದಾಗ ಬರೆದಿಟ್ಟ ಚೀಟಿ ಅಷ್ಟೆ, ಕಾರಣ ಹೇಳುವುದಿಲ್ಲ. ಡೀಟೇಲ್ಸ್ ಪುಟದಲ್ಲಿ ಎರಡು ಸಾಲು ಮುಖ್ಯ. ‘ಬಗ್‌ಚೆಕ್ ಕೋಡ್’ 0 ಇದ್ದರೆ ವಿಂಡೋಸ್ ನೀಲಿ ಪರದೆಗೆ ಕುಸಿದಿಲ್ಲ, ಬಹುಪಾಲು ಕರೆಂಟೇ ಹೋಗಿದೆ. ‘ಪವರ್ ಬಟನ್ ಟೈಮ್‌ಸ್ಟ್ಯಾಂಪ್’ 0 ಅಲ್ಲದೆ ಬೇರೆ ಅಂಕಿ ಇದ್ದರೆ ಬಟನ್ ಒತ್ತಿ ಹಿಡಿದಂತೆ ಬೋರ್ಡಿಗೆ ಅನಿಸಿದೆ. ಇವೆಂಟ್ ನಂಬರ್ 1074 ಕಂಡರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಕೇಳಿಕೊಂಡು ಆಫ್ ಮಾಡಿದೆ. ‘ವೀಯಾ-ಲಾಗರ್’ (WHEA-Logger) ಹೆಸರಿನ ಸಾಲುಗಳಿದ್ದರೆ ಮಾತ್ರ ಪ್ರೊಸೆಸರ್, ಬೋರ್ಡಿನ ಮಾತು ಆಡೋಣ.

ಈಗ ಲೆಕ್ಕ. ಐ5-10400 ಹೆಸರಿಗೆ 65 ವ್ಯಾಟ್. ಟರ್ಬೊದಲ್ಲಿ, ಅಂದರೆ ತಾನೇ ವೇಗ ಏರಿಸಿಕೊಂಡಾಗ, 134 ವ್ಯಾಟ್ ತನಕ ಎಳೆಯಬಹುದು. ಇಂಟೆಲ್ ಲೆಕ್ಕದಲ್ಲಿ ಅದು 28 ಸೆಕೆಂಡ್ ಮಟ್ಟಿಗೆ, ಆದರೆ ಎಷ್ಟೋ ಬೋರ್ಡುಗಳು ಆ ಮಿತಿಯನ್ನು ತೆಗೆದುಹಾಕಿರುತ್ತವೆ. 1650 ಕಾರ್ಡಿಗೆ 75 ವ್ಯಾಟ್. ಬೋರ್ಡ್, ಡಿಸ್ಕ್, ಫ್ಯಾನ್ ಸೇರಿ 40 ಎಂದಿಟ್ಟುಕೊಳ್ಳಿ. ಒಟ್ಟು 250ರ ಹತ್ತಿರ. ಎಸ್‌ಎಂಪಿಎಸ್ ದಕ್ಷತೆ ನೂರಕ್ಕೆ 80 ಆದರೆ ಪ್ಲಗ್‌ನಿಂದ ಎಳೆಯುವುದು 310, ಮಾನಿಟರ್ 25 ಸೇರಿ 335. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್, ಅದೂ ಬ್ಯಾಟರಿ ಹೊಸದಿದ್ದಾಗ. ಎಕ್ಸ್‌ಪೋರ್ಟ್ ನಡೆಯುವಾಗ ಲೈನಿನ ವೋಲ್ಟೇಜ್ ಒಂದು ಕ್ಷಣ ಜಗ್ಗಿದರೆ ಅಂಚಿನಲ್ಲಿ ನಿಂತಂತೆ.

ಎಸ್‌ಎಂಪಿಎಸ್ ಮೈಮೇಲಿನ ಲೇಬಲ್ ಓದಿ ಹಾಕಿ. ದೊಡ್ಡಕ್ಷರದ 450 ಬಿಡಿ, ‘+12ವಿ’ ಕೆಳಗೆ ಎಷ್ಟು ಆಂಪಿಯರ್ ಅಂತ ಇದೆ? ಇನ್‌ಪುಟ್ 100–240 ಅಂತಿದೆಯೋ 200–240 ಅಂತಿದೆಯೋ?

ಉತ್ತರ 2 (ಚಿಕ್ಕಮಗಳೂರು)

ಮೇಲಿನವರು ಹೇಳಿದ್ದಕ್ಕೆ ಮಲೆನಾಡಿನ ಎರಡು ವಿಷಯ ಸೇರಿಸುತ್ತೇನೆ.

ಕ್ಯಾಬಿನೆಟ್ ಮುಂದಿನ ಪವರ್ ಬಟನ್. ಮಳೆಗಾಲವಿಡೀ ತೇವ ಕುಡಿದ ಸಣ್ಣ ಸ್ವಿಚ್ಚಿನ ಒಳಗಿನ ತಗಡು ಹಸಿರುಗಟ್ಟಿ ಅಂಟಿಕೊಳ್ಳುತ್ತದೆ. ಬಟನ್ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಬೋರ್ಡ್ ಬಲವಂತವಾಗಿ ಆಫ್ ಮಾಡುತ್ತದಲ್ಲ, ಅಂಟಿಕೊಂಡ ಸ್ವಿಚ್ ಕೂಡ ಅದನ್ನೇ ಮಾಡುತ್ತದೆ. ಪರೀಕ್ಷೆ ಸುಲಭ: ಕಂಪ್ಯೂಟರ್ ಆನ್ ಆದಮೇಲೆ ಬೋರ್ಡಿನ ಮೂಲೆಯಲ್ಲಿ ‘ಪವರ್ ಎಸ್‌ಡಬ್ಲ್ಯೂ’ ಎಂದು ಬರೆದ ಎರಡು ತಂತಿಯ ಪುಟ್ಟ ಕನೆಕ್ಟರ್ ಕಿತ್ತಿಟ್ಟು ಒಂದು ದಿನ ಬಳಸಿ. ಆಫ್ ಆಗುವುದು ನಿಂತರೆ ಸ್ವಿಚ್ಚೇ ಕಳ್ಳ. ರೀಸೆಟ್ ಬಟನ್ ತಂತಿಯನ್ನು ಪವರ್ ಪಿನ್ನಿಗೆ ಹಾಕಿಕೊಂಡರೆ ಒಂದು ರೂಪಾಯಿ ಖರ್ಚಿಲ್ಲದೆ ಕೆಲಸ ನಡೆಯುತ್ತದೆ. ಆದರೆ ನಿಮ್ಮದು ಪಲ್ಪರ್ ಹೊತ್ತಿಗೇ ಆಗುತ್ತಿರುವುದರಿಂದ ಇದರ ಸಾಧ್ಯತೆ ಕಡಿಮೆ. ಪಟ್ಟಿಯಿಂದ ಹೊಡೆದುಹಾಕಲು ಮಾಡಿ.

ಇನ್ನೊಂದು ಪ್ರೊಸೆಸರ್ ಫ್ಯಾನ್. ಇಂಟೆಲ್ ಜೊತೆ ಬರುವ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಕಾಲು, ಒತ್ತಿದರೆ ಟಕ್ ಎಂದು ಕೂರುವಂಥವು. ಧೂಳು ತೆಗೆಯಲು ಬಿಚ್ಚಿ ಮತ್ತೆ ಹಾಕುವಾಗ ಒಂದು ಕಾಲು ಅರ್ಧ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೋರ್ಡಿನ ಹಿಂಬದಿಯಿಂದ ಟಾರ್ಚ್ ಹಾಕಿ ನಾಲ್ಕೂ ಕರಿಮೊಳೆ ಸಮವಾಗಿ ಹೊರಬಂದಿವೆಯೇ ನೋಡಿ. ಹಾಗಂತ ಬಿಸಿಯಾದ ತಕ್ಷಣ ಆಫ್ ಆಗುತ್ತದೆ ಎಂದುಕೊಳ್ಳಬೇಡಿ. ಈ ಪ್ರೊಸೆಸರ್ 100 ಡಿಗ್ರಿ ಮುಟ್ಟಿದಾಗ ಮೊದಲು ತಾನೇ ವೇಗ ಇಳಿಸಿಕೊಂಡು ತೆವಳುತ್ತದೆ. ಅದಕ್ಕೂ ಬಗ್ಗದೆ ಬಿಸಿ ಇನ್ನೂ ಏರಿದರೆ ಮಾತ್ರ ಕರೆಂಟ್ ಕತ್ತರಿಸುತ್ತದೆ. ಎಕ್ಸ್‌ಪೋರ್ಟ್ ನಿಧಾನವಾಗದೆ ನೇರ ಆಫ್ ಆದರೆ ಪ್ರೊಸೆಸರ್ ಬಿಸಿಯ ಮೇಲಿನ ಅನುಮಾನ ಬಹುಪಾಲು ಬಿಡಬಹುದು.

ತಾಪಮಾನ ತೋರಿಸುವ ‘ಹೆಚ್‌ಡಬ್ಲ್ಯೂಇನ್ಫೊ’ (HWiNFO) ಪ್ರೋಗ್ರಾಂ ಹಾಕಿ ಸೆನ್ಸರ್ಸ್ ಮಾತ್ರ ತೆರೆದು, ಎರಡು ಸೆಕೆಂಡಿಗೊಮ್ಮೆ ಫೈಲಿಗೆ ಬರೆಯಲು ಬಿಡಿ. ಆಫ್ ಆದ ಮೇಲೆ ಆ ಫೈಲಿನ ಕೊನೆಯ ಸಾಲು ತೆರೆದರೆ ಸಾಯುವ ಕ್ಷಣದ ತಾಪಮಾನ ಅಲ್ಲೇ ಇರುತ್ತದೆ.

ಕ್ಯಾಬಿನೆಟ್ ತೆರೆದಾಗ ಎಸ್‌ಎಂಪಿಎಸ್ ಜಾಲರಿಯೊಳಗೂ ಟಾರ್ಚ್ ಬಿಡಿ. ನಮ್ಮ ಕಡೆ ಹಲ್ಲಿ, ಇರುವೆ ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಗೆ ಸೇರುತ್ತವೆ. ಕಾವಿ ನೆಲದ ಮೇಲೆ ನೇರವಾಗಿ ಇಟ್ಟಿದ್ದರೆ ಒಂದಡಿ ಎತ್ತರದ ಸ್ಟೂಲ್ ಮೇಲಿಡಿ. ಆಷಾಢದಲ್ಲಿ ಆ ನೆಲ ಬೆವರುತ್ತದೆ.

ಉತ್ತರ 3 (ಸಕಲೇಶಪುರ, ಎಲೆಕ್ಟ್ರಿಕಲ್ ಕೆಲಸ)

ಎಲ್ಲರೂ ಡಬ್ಬದೊಳಗೆ ನೋಡುತ್ತಿದ್ದೀರಿ. ನಾನು ಗೋಡೆಯಿಂದ ಶುರು ಮಾಡುತ್ತೇನೆ.

ಮೂಡಿಗೆರೆಯವರೇ, ಪಲ್ಪರ್ ಸ್ಟಾರ್ಟ್ ಆದ ಕ್ಷಣ ಮನೆಯ ಬಲ್ಬುಗಳು ಡಿಮ್ ಆಗುತ್ತವೆಯೇ, ಅಥವಾ ಯಾವುದಾದರೂ ಬಲ್ಬ್ ಇನ್ನೂ ಪ್ರಖರವಾಗಿ ಉರಿಯುತ್ತದೆಯೇ? ಉತ್ತರ ಬಹಳ ಮುಖ್ಯ.

ಡಿಮ್ ಆಗುವುದು ಸಾಮಾನ್ಯ ವೋಲ್ಟೇಜ್ ಕುಸಿತ. 5 ಎಚ್‌ಪಿ ತ್ರೀ ಫೇಸ್ ಮೋಟಾರು ಓಡುವಾಗ ಏಳು ಆಂಪಿಯರ್ ಚಿಲ್ಲರೆ ಎಳೆಯುತ್ತದೆ, ಡಿಒಎಲ್ ಸ್ಟಾರ್ಟರಿನಲ್ಲಿ (ಮೋಟಾರನ್ನು ನೇರ ಲೈನಿಗೆ ಹಾಕುವಂಥದ್ದು) ಏಳುವಾಗ ಅದರ ಆರು ಪಟ್ಟು, ಅಂದರೆ 40 ಆಂಪಿಯರ್ ಮೇಲೆ. ಟ್ರಾನ್ಸ್‌ಫಾರ್ಮರ್ ದೂರವಿದ್ದು ತಂತಿ ಉದ್ದವಿದ್ದರೆ ಅಷ್ಟು ಕರೆಂಟಿಗೆ ವೋಲ್ಟೇಜ್ ಜಗ್ಗದೆ ಇರುವುದಿಲ್ಲ.

ಆದರೆ ಕೆಲವು ಬಲ್ಬ್ ಪ್ರಖರವಾದರೆ ನ್ಯೂಟ್ರಲ್ ಸಡಿಲವಾಗಿದೆ. ಆಗ ಒಂದು ಫೇಸಿನಲ್ಲಿ 170 ಇದ್ದಾಗ ಇನ್ನೊಂದರಲ್ಲಿ 270, 300 ಕೂಡ ಬರಬಹುದು. ಅಂಥ ಮನೆಯಲ್ಲಿ ಕಂಪ್ಯೂಟರ್, ಫ್ರಿಡ್ಜ್, ಟಿವಿ ಎಲ್ಲ ಪ್ಲಗ್ ಕಿತ್ತಿಟ್ಟು ಅವತ್ತೇ ಲೈನ್‌ಮನ್ ಕರೆಸಿ. ಮೀಟರಿನಿಂದ ಆಚೆಯ ಜಾಯಿಂಟ್ ನೀವು ಮುಟ್ಟಬೇಡಿ.

ಮಲ್ಟಿಮೀಟರಿನಲ್ಲಿ ಮಿನ್-ಮ್ಯಾಕ್ಸ್ ಗುಂಡಿ ಇದ್ದರೆ ಕಂಪ್ಯೂಟರ್ ಸಾಕೆಟ್ಟಿಗೆ ಹಾಕಿಟ್ಟು ಪಲ್ಪರ್ ಹಾಕಿಸಿ, ಅತಿ ಕಡಿಮೆ ಅಂಕಿ ಬರೆದುಕೊಳ್ಳಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆಯೂ ಅಳೆಯಿರಿ, ಎರಡು ಮೂರು ವೋಲ್ಟ್ ದಾಟಿದರೆ ಅರ್ಥಿಂಗ್, ನ್ಯೂಟ್ರಲ್ ಎರಡನ್ನೂ ನೋಡಿಸಬೇಕು. ಯುಪಿಎಸ್ ಪ್ಲಗ್ಗಿನ ಪಿನ್ ಕಪ್ಪಾಗಿದೆಯೇ, ಸಾಕೆಟ್ ಹಳದಿಗಟ್ಟಿದೆಯೇ ನೋಡಿ.

ಪಲ್ಪರ್ ನಡೆಸುವವರಿಗೆ ಒಂದು ಮಾತು ಹೇಳಿ: ಮೋಟಾರು ಪೂರ್ಣ ವೇಗಕ್ಕೆ ಬರುವ ತನಕ ಹಣ್ಣು ಬಿಡಬಾರದು. ಹಾಪರ್ (ಹಣ್ಣು ಸುರಿಯುವ ಬಾಯಿ) ತುಂಬಿಟ್ಟು ಸ್ಟಾರ್ಟ್ ಮಾಡಿದರೆ ಒಂದು ಸೆಕೆಂಡಿನಲ್ಲಿ ಮುಗಿಯುವ ಜಗ್ಗಾಟ ನಾಲ್ಕೈದು ಸೆಕೆಂಡ್ ಎಳೆಯುತ್ತದೆ. ಮೊದಲು ಸ್ಟಾರ್, ಆಮೇಲೆ ಡೆಲ್ಟಾ ಜೋಡಣೆಯಲ್ಲಿ ಓಡಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಏಳುವಾಗಿನ ಕರೆಂಟ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೆ ಮೋಟಾರಿನ ಪೆಟ್ಟಿಗೆಯಲ್ಲಿ ಆರು ತುದಿ ಹೊರಬಂದಿರಬೇಕು, ಮತ್ತು ಅದು ಡೆಲ್ಟಾದಲ್ಲಿ ಓಡುವ ಮೋಟಾರೇ ಆಗಿರಬೇಕು.

ಕಂಪ್ಯೂಟರಿಗೆ ಬೇರೆ ಸ್ಟೆಬಿಲೈಸರ್ ತರುವ ಯೋಚನೆ ಬೇಡ. ರಿಲೇ ಸ್ಟೆಬಿಲೈಸರ್ ಟಕಟಕ ಎಂದು ಮೆಟ್ಟಿಲು ಹತ್ತುವಷ್ಟರಲ್ಲಿ ಕುಸಿತ ಮುಗಿದಿರುತ್ತದೆ. ಯುಪಿಎಸ್ ಒಳಗೆ ಆ ಕೆಲಸ ಮಾಡುವ ರಿಲೇ ಇದ್ದೇ ಇದೆ.

ಪ್ರಶ್ನೆ ಕೇಳಿದವರು

ಅಳತೆಗಳು:

ಬಲ್ಬ್ ಡಿಮ್ ಆಗುತ್ತದೆ, ಯಾವುದೂ ಪ್ರಖರವಾಗುವುದಿಲ್ಲ. ಸಾಕೆಟ್ಟಿನಲ್ಲಿ ಪಲ್ಪರ್‌ಗೆ ಮೊದಲು 218, ಸ್ಟಾರ್ಟ್ ಆಗುವಾಗ ಕನಿಷ್ಠ 168, ಆಮೇಲೆ 204ಕ್ಕೆ ನಿಲ್ಲುತ್ತದೆ. ನ್ಯೂಟ್ರಲ್-ಅರ್ಥ್ 1.4. ಸಂಜೆ ಆಫ್ ಆದಾಗ ಮಾನಿಟರ್ ದೀಪವೂ ಸತ್ತಿತು. ಯುಪಿಎಸ್ ಒಮ್ಮೆ ಕ್ಲಿಕ್ ಎಂದು ಉದ್ದ ಬೀಪ್ ಕೊಟ್ಟು ನಿಂತಿತು.

ಹಗಲಲ್ಲಿ ಯುಪಿಎಸ್ ತೆಗೆದು ನೇರ ಗೋಡೆಗೆ ಹಾಕಿ ಎಕ್ಸ್‌ಪೋರ್ಟ್ ಬಿಟ್ಟೆ. 12 ನಿಮಿಷಕ್ಕೆ ಆಫ್. ಮಾನಿಟರ್ ‘ನೋ ಸಿಗ್ನಲ್’ ತೋರಿಸುತ್ತಿತ್ತು. ಹಿಂದಿನ ಸ್ವಿಚ್ ಆರಿಸಿ ಹಾಕಿದ ಮೇಲಷ್ಟೇ ಎದ್ದಿತು. ಫೈಲಿನ ಕೊನೆಯ ಸಾಲಿನಲ್ಲಿ ಪ್ರೊಸೆಸರ್ 74 ಡಿಗ್ರಿ, ಕಾರ್ಡ್ 68. ಕರ್ನಲ್-ಪವರ್ 41ರಲ್ಲಿ ಎರಡೂ ಅಂಕಿ 0. ಪವರ್ ಬಟನ್ ತಂತಿ ಕಿತ್ತಿಟ್ಟರೂ ವ್ಯತ್ಯಾಸವಿಲ್ಲ.

ಎಸ್‌ಎಂಪಿಎಸ್ ಲೇಬಲ್: +12ವಿ ಕೆಳಗೆ 20 ಆಂಪಿಯರ್. ಇನ್‌ಪುಟ್ 200–240.

ಉತ್ತರ 1 (ಹಾಸನ, ಹಾರ್ಡ್‌ವೇರ್ ರಿಪೇರಿ)

ಅಂದುಕೊಂಡಂತೆ ಎರಡು ಬೇರೆ ಬೇರೆ ಕಾಯಿಲೆ.

ಎಕ್ಸ್‌ಪೋರ್ಟ್‌ನದ್ದು ಎಸ್‌ಎಂಪಿಎಸ್. 12 ಗುಣಿಸು 20 ಅಂದರೆ 240 ವ್ಯಾಟ್. ಡಬ್ಬದ ಮೇಲೆ 450 ಇದ್ದರೂ ಪ್ರೊಸೆಸರಿಗೂ ಕಾರ್ಡಿಗೂ ಸಿಗುವುದು ಇಷ್ಟೇ. ಉಳಿದದ್ದನ್ನು 3.3 ಮತ್ತು 5 ವೋಲ್ಟ್ ಲೈನುಗಳಿಗೆ ಹಂಚಿ ಮೊತ್ತ ದೊಡ್ಡದು ಮಾಡಿರುತ್ತಾರೆ, ಈಗಿನ ಕಂಪ್ಯೂಟರಿಗೆ ಅವು ಅಷ್ಟು ಬೇಕಿಲ್ಲ. 134, 75, ಫ್ಯಾನ್ ಮತ್ತು ಡಿಸ್ಕ್ ಸೇರಿದರೆ 225ರ ಮೇಲೆ. ಹೊಸದಿದ್ದಾಗ ತಡೆದುಕೊಂಡಿತು. ಐದು ವರ್ಷದಲ್ಲಿ ಕೆಪಾಸಿಟರ್ ಒಣಗಿದೆ, ಧೂಳಿನಿಂದ ಒಳಗೆ ಬಿಸಿ ಏರುತ್ತದೆ, ಅದಕ್ಕೇ ಹತ್ತು ನಿಮಿಷ ಕಾದು ಬೀಳುತ್ತಿದೆ.

ಖಚಿತ ಮಾಡಿಕೊಳ್ಳಲು ಎರಡು ದಾರಿ. ಹಾರ್ಡ್ ಡಿಸ್ಕ್‌ಗೆ ಹಾಕುವ ನಾಲ್ಕು ಪಿನ್ನಿನ ಹಳೇ ಕನೆಕ್ಟರ್ ಖಾಲಿ ಇರುತ್ತದೆ. ಅದರ ಹಳದಿ ತಂತಿಗೆ ಮಲ್ಟಿಮೀಟರಿನ ಕೆಂಪು ಕಡ್ಡಿ, ಕಪ್ಪು ತಂತಿಗೆ ಕಪ್ಪು ಕಡ್ಡಿ ಇಟ್ಟು ಎಕ್ಸ್‌ಪೋರ್ಟ್ ಬಿಡಿ. 11.40ರಿಂದ 12.60ರೊಳಗೆ ಇರಬೇಕು. ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಇಲ್ಲೊಂದು ಎಚ್ಚರ: ಮೀಟರ್ ನಿಧಾನ, ಮಿಲಿಸೆಕೆಂಡಿನ ಕುಸಿತ ಅದಕ್ಕೆ ಕಾಣುವುದಿಲ್ಲ. ಅಂಕಿ ಕೆಟ್ಟಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಎನ್ನಬಹುದು. ಅಂಕಿ ಚೆನ್ನಾಗಿದ್ದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಎನ್ನಲಾಗದು.

ಎರಡನೆಯದು ನನಗೆ ಹೆಚ್ಚು ಇಷ್ಟ. ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಪ್ರೊಸೆಸರಿನ ಪವರ್ ಲಿಮಿಟ್ ಎರಡನ್ನೂ 65 ವ್ಯಾಟಿಗೆ ಕಟ್ಟಿಹಾಕಿ ಅದೇ ವಿಡಿಯೊ ಎಕ್ಸ್‌ಪೋರ್ಟ್ ಮಾಡಿ. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಆದರೆ ಆಫ್ ಆಗದೆ ಮುಗಿದರೆ ಅನುಮಾನ ತೀರಿತು. ಹೊಸದು ಬರುವ ತನಕ ಕೆಲಸವೂ ನಡೆಯುತ್ತದೆ. (ಹಸಿರು ತಂತಿಗೆ ಕಪ್ಪು ತಂತಿ ಸೇರಿಸಿ ಫ್ಯಾನ್ ತಿರುಗಿತು, ಎಸ್‌ಎಂಪಿಎಸ್ ಸರಿಯಿದೆ ಎನ್ನುವ ಪರೀಕ್ಷೆಯನ್ನು ಇಲ್ಲಿ ನಂಬಬೇಡಿ. ಲೋಡ್ ಇಲ್ಲದೆ ಎಲ್ಲವೂ ತಿರುಗುತ್ತವೆ.)

ಎಸ್‌ಎಂಪಿಎಸ್ ಬಿಚ್ಚಿ ಕೆಪಾಸಿಟರ್ ಹಾಕಿಕೊಡುತ್ತೇನೆ ಎಂದರೆ ಒಪ್ಪಬೇಡಿ, ನೀವಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಕೊಳ್ಳುವಾಗ 500 ಅಥವಾ 550 ವ್ಯಾಟ್, 80 ಪ್ಲಸ್ ಬ್ರಾಂಜ್ (ದಕ್ಷತೆಯ ದರ್ಜೆ) ಸಾಕು. ಬ್ರ್ಯಾಂಡಿಗಿಂತ ಲೇಬಲ್ ನೋಡಿ: +12ವಿ 38 ಆಂಪಿಯರ್ ಅಥವಾ ಹೆಚ್ಚು, ಇನ್‌ಪುಟ್ 100–240. ನಿಮ್ಮ ಲೈನಿಗೆ ಈ ಇನ್‌ಪುಟ್ ಬಲು ಮುಖ್ಯ. 200–240ರ ಡಬ್ಬ 168ಕ್ಕೆ ಉಸಿರು ಕಟ್ಟುತ್ತದೆ, 100–240ರದ್ದಕ್ಕೆ ಅದು ಲೆಕ್ಕಕ್ಕಿಲ್ಲ. ಹಿಂದೆ 115/230 ಕೆಂಪು ಸ್ವಿಚ್ ಇರುವುದು ಬೇಡವೇ ಬೇಡ.

ಸಂಜೆಯದ್ದು ಯುಪಿಎಸ್ ಬ್ಯಾಟರಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುವ ಕಡೆ ಬ್ಯಾಟರಿ ತುಂಬಲು ಬೇಕಾದ ಆರೆಂಟು ಗಂಟೆ ಸಿಗುವುದೇ ಇಲ್ಲ, ಅರೆಹೊಟ್ಟೆಯಲ್ಲೇ ಮತ್ತೆ ಖಾಲಿಯಾಗುತ್ತದೆ. ಹಾಗೆ ಉಳಿದರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಕಂಪ್ಯೂಟರ್ ಬಿಟ್ಟು 60 ವ್ಯಾಟಿನ ತಂತಿ ಬಲ್ಬ್ ಹಾಕಿ, ಯುಪಿಎಸ್ ಪ್ಲಗ್ ಕಿತ್ತು ಗಡಿಯಾರ ನೋಡಿ. ಒಳ್ಳೆಯ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಸುಮಾರು ಅರ್ಧ ಗಂಟೆ ಉರಿಸಬೇಕು.

ಪ್ರಶ್ನೆ ಕೇಳಿದವರು

ಬಲ್ಬ್ 50 ಸೆಕೆಂಡಿಗೆ ಆರಿತು. 12 ವೋಲ್ಟ್ ಲೈನ್ ಸುಮ್ಮನಿದ್ದಾಗ 12.06, ಎಕ್ಸ್‌ಪೋರ್ಟಿನಲ್ಲಿ 11.34. 65 ವ್ಯಾಟಿಗೆ ಕಟ್ಟಿದ ಮೇಲೆ 40 ನಿಮಿಷದ ಎಕ್ಸ್‌ಪೋರ್ಟ್ ಪೂರ್ತಿ ಮುಗಿಯಿತು. ಎಸ್‌ಎಂಪಿಎಸ್ ಮತ್ತು ಬ್ಯಾಟರಿ ಎರಡನ್ನೂ ಬದಲಿಸುತ್ತೇನೆ. ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದೆ. ಅದರ ಮೇಲೇ ಈ ಯುಪಿಎಸ್ ಹಾಕಬಹುದೇ?

ಉತ್ತರ 3 (ಸಕಲೇಶಪುರ, ಎಲೆಕ್ಟ್ರಿಕಲ್ ಕೆಲಸ)

ಇನ್ವರ್ಟರ್ ಪ್ಯೂರ್ ಸೈನ್‌ವೇವ್ ಆದರೆ ಹಾಕಬಹುದು. ಸ್ಕ್ವೇರ್‌ವೇವ್ ಆದರೆ ಬೇಡ. ಸಣ್ಣ ಯುಪಿಎಸ್ ಆ ಅಲೆಯನ್ನು ಕೆಟ್ಟ ಕರೆಂಟ್ ಎಂದುಕೊಂಡು ಬ್ಯಾಟರಿಯಲ್ಲೇ ಓಡಿ ಅದನ್ನು ಬರಿದು ಮಾಡುತ್ತದೆ. ಸೈನ್‌ವೇವ್ ಇದ್ದು ಹಿಂದೆ ‘ಯುಪಿಎಸ್ ಮೋಡ್’ ಸ್ವಿಚ್ ಕೂಡ ಇದ್ದರೆ ಅದನ್ನು ಆ ಕಡೆಗೆ ಹಾಕಿ ಕಂಪ್ಯೂಟರನ್ನು ನೇರ ಇನ್ವರ್ಟರಿಗೇ ಕೊಡಿ, ಸಣ್ಣ ಯುಪಿಎಸ್ ನಡುವೆ ಬೇಡವೇ ಬೇಡ. ಆ ಮೋಡಿನಲ್ಲಿ ಬದಲಾವಣೆ ಬೇಗ ಆಗುತ್ತದೆ. ಆದರೆ 180ರ ಆಸುಪಾಸಿನಲ್ಲೇ ಬ್ಯಾಟರಿಗೆ ಹೊರಳುವುದರಿಂದ ಪಲ್ಪರ್ ಹಾಕಿದಾಗಲೆಲ್ಲ ಒಮ್ಮೆ ಕ್ಲಿಕ್ ಕೇಳಿಸುತ್ತದೆ. ಅದಕ್ಕೆ ಗಾಬರಿಯಾಗಬೇಡಿ.

ಉತ್ತರ 1 (ಹಾಸನ, ಹಾರ್ಡ್‌ವೇರ್ ರಿಪೇರಿ)

ಹೊಸ ಎಸ್‌ಎಂಪಿಎಸ್ ಕೂರಿಸುವಾಗ ಹಳೆಯದರ ಪ್ರೊಸೆಸರ್ ಕೇಬಲ್, ಬೋರ್ಡಿನ ಮೇಲ್ಮೂಲೆಗೆ ಹೋಗುವ ನಾಲ್ಕು ಅಥವಾ ಎಂಟು ಪಿನ್ನಿನದ್ದು, ಅದರ ತುದಿ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬೋರ್ಡಿನ ಕಡೆಯ ಪಿನ್ನೂ ಸುಟ್ಟಿರಬಹುದು, ಫೋಟೊ ಹಾಕಿ. ಬಯೋಸ್‌ನ 65 ವ್ಯಾಟ್ ಮಿತಿಯನ್ನು ಒಂದೆರಡು ಎಕ್ಸ್‌ಪೋರ್ಟ್ ಆದ ಮೇಲೆ ತೆಗೆಯಿರಿ, ಅದೇ ದಿನ ಬೇಡ. ಹಳೇ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಡಿ, ಸೀಸಕ್ಕೆ ಬೆಲೆ ಇದೆ, ತೋಟದ ಗುಂಡಿಗೆ ಹಾಕಬಾರದು.